ಅಮ್ಮನಿಗೆ ಜನನ ಪ್ರಮಾಣಪತ್ರವೇ ಇಲ್ಲ, ಪಾಸ್‌ಪೋರ್ಟ್ ಮಾಡಿಸೋದು ಹೇಗೆ?

ವರದಾತೀರ:
ಅಮ್ಮ ಹುಟ್ಟಿದ್ದು 1966ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ. ಮನೆಯಲ್ಲೇ ಹೆರಿಗೆ, ನೋಂದಣಿ ಆಗಿಲ್ಲ. ನಾಲ್ಕನೇ ಇಯತ್ತೆವರೆಗೆ ಓದಿದ್ದಾರೆ. ಆಧಾರ್‌ನಲ್ಲಿ 1-1-1966, ಶಾಲೆಯ ದಾಖಲೆಯಲ್ಲಿ 1-6-1966. ಮೊದಲು ಪಾಸ್‌ಪೋರ್ಟ್, ಮುಂದೆ ಅಮೆರಿಕದ ಗ್ರೀನ್ ಕಾರ್ಡ್. ಆಧಾರ್ ಒಂದೇ ಸಾಲದೇ?

ದಫ್ತರ:
ಸಾಲದು. ಆಧಾರ್ ಗುರುತಿಗೆ ಮಾತ್ರ. ಅದು ಪೌರತ್ವದ ಪುರಾವೆಯಲ್ಲ ಅಂತ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತೆ. ಹುಟ್ಟಿದ ದಿನಕ್ಕೂ ಅದನ್ನು ನೆಚ್ಚಿಕೊಳ್ಳಬೇಡಿ.

ಪೌರತ್ವದ ಬಗ್ಗೆ ಹೆದರಿಕೆ ಬೇಡ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ತಂದೆತಾಯಿಯ ಪೌರತ್ವ ಕೇಳೋದು ಆಮೇಲೆ ಹುಟ್ಟಿದವರಿಗೆ. ಹಾಗಾಗಿ ಅಮ್ಮನ ವಿಷಯದಲ್ಲಿ ತೋರಿಸಬೇಕಾದ್ದು ಹುಟ್ಟಿದ ಊರು ಮತ್ತು ದಿನ.

ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರವೇ ಬೇಕು ಅನ್ನೋ ನಿಯಮ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ. ಉಳಿದವರಿಗೆ ಶಾಲೆ ಬಿಟ್ಟ ಪ್ರಮಾಣಪತ್ರ, ಪ್ಯಾನ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ ಇವುಗಳಲ್ಲಿ ಒಂದಾದರೂ ಸಾಕು. ಹಳ್ಳಿಯ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನ ಅಮ್ಮನ ಸಾಲು ನೀವೇ ಓದಿ ನೋಡಿ: ದಾಖಲಾತಿ ಸಂಖ್ಯೆ, ತಂದೆಯ ಹೆಸರು, ಹುಟ್ಟಿದ ಊರು, ತಾರೀಖು. ಜೂನ್ 1 ಅಂದರೆ ಬಹುಪಾಲು ಮೇಷ್ಟ್ರು ಅಂದಾಜಿಗೆ ಹಾಕಿದ್ದು, ಆದರೂ ಅದೇ ಅತಿ ಹಳೆಯ ಬರಹ, ಅದನ್ನೇ ಹಿಡಿಯಿರಿ. ಆ ಪ್ರಕಾರ ಆಧಾರ್, ಪ್ಯಾನ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ದಾಖಲೆಯಲ್ಲಿ ಧಾರವಾಡ ಜಿಲ್ಲೆ ಅಂತಿದ್ದರೆ ತಪ್ಪಲ್ಲ, ಹಾವೇರಿ ಬೇರೆಯಾದದ್ದು 1997ರಲ್ಲಿ.

ಗ್ರಾಮಲೆಕ್ಕ:
ಗ್ರೀನ್ ಕಾರ್ಡ್ ಇದೆ ಅಂದಿರಲ್ಲ, ಹಾಗಾದರೆ 'ಜನನ ದಾಖಲೆ ಲಭ್ಯವಿಲ್ಲ' ಅನ್ನೋ ಪತ್ರಕ್ಕೆ ಈಗಲೇ ಅರ್ಜಿ ಕೊಡಿ. ಈಗ ಇರೋ ಊರಲ್ಲಲ್ಲ, ಹುಟ್ಟಿದ ಊರಿನ ನೋಂದಣಾಧಿಕಾರಿಗೆ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲೂ ಹುಡುಕಿಸಿ. ಹುಡುಕುವಾಗ ಅಮ್ಮನ ಹೆಸರು ಹೇಳಿ ಸುಮ್ಮನಾಗಬೇಡಿ. ನಾಮಕರಣಕ್ಕೆ ಮುಂಚೆ ಬರೆಸಿದ್ದರೆ 'ಹೆಣ್ಣು' ಅಂತ ಇದ್ದು, ಪಕ್ಕದಲ್ಲಿ ಅಜ್ಜನ ಹೆಸರು ಮಾತ್ರ ಇರುತ್ತೆ. 1965ರಿಂದ 1967ರವರೆಗೆ ಅಜ್ಜನ ಹೆಸರಲ್ಲೇ ನೋಡಿಸಿ.

ವರ್ಷ ಕಳೆದ ಜನನವನ್ನು ಈಗಲೂ ನೋಂದಾಯಿಸಬಹುದು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ ಅದಕ್ಕೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಲಭ್ಯವಿಲ್ಲದ ಪತ್ರ, ಶಾಲಾ ದಾಖಲೆ, ಪ್ರಮಾಣಿತ ಹೇಳಿಕೆ ಒಟ್ಟಿಗೆ ಕೊಡಿ. ಒಂದರಲ್ಲಿ ತಾರೀಖು ಬೇರೆ ಇದ್ದರೂ ವಿಚಾರಣೆಯಲ್ಲೇ ಕಡತ ನಿಲ್ಲುತ್ತೆ.

ಕಡಲಾಚೆ:
ಇನ್ನೊಂದು ಮಾತು. ಅರವತ್ತು ವರ್ಷ ತಡವಾಗಿ ಮಾಡಿಸಿದ ಪ್ರಮಾಣಪತ್ರ ಒಂದನ್ನೇ ಕಳಿಸಿದರೆ ಅಮೆರಿಕದವರು ಬೇರೆ ಪುರಾವೆ ಕೇಳೋದು ಸಾಮಾನ್ಯ. ಜೊತೆಗೆ ಶಾಲಾ ದಾಖಲೆ ಇಡಿ, ಜನನದ ಬಗ್ಗೆ ನೇರ ತಿಳಿವಳಿಕೆ ಇರೋ ಇಬ್ಬರು ಹಿರಿಯರ ಅಫಿಡವಿಟ್ ಕೂಡ ಇಡಿ. 'ನನಗೆ ಇವರು ಚೆನ್ನಾಗಿ ಗೊತ್ತು' ಅನ್ನೋ ನೋಟರಿ ಅಂಗಡಿಯ ಸಿದ್ಧ ಸಾಲು ನಡೆಯಲ್ಲ. ಬರೆಯುವವರ ಹುಟ್ಟಿದ ದಿನ, ವಿಳಾಸ, ಸಂಬಂಧ, ಹೆರಿಗೆ ಯಾವ ಮನೆಯಲ್ಲಾಯಿತು, ಅದು ಅವರಿಗೆ ಹೇಗೆ ಗೊತ್ತು, ಎಲ್ಲ ಬರಬೇಕು. ಸೋದರತ್ತೆಯೋ ದೊಡ್ಡಮ್ಮನೋ ಇದ್ದರೆ ಈ ವಾರವೇ ಬರೆಸಿಕೊಳ್ಳಿ. ಅವರಿಗೂ ವಯಸ್ಸಾಗಿರುತ್ತೆ.