ಪದಚರ್ಚೆ: ಏರ್‌ಸಾಫ್ಟ್ ಗನ್ನಿಗೆ ‘ಆಟಿಕೆ ಬಂದೂಕು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಸರ್ಜಾಪುರದ ಕಡೆ ಒಂದು ಆಟದ ಮೈದಾನಕ್ಕೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದುಕೊಡಬೇಕಾಗಿದೆ. ಅಲ್ಲಿ ಶನಿವಾರ, ಭಾನುವಾರ ಏರ್‌ಸಾಫ್ಟ್ ಆಡುತ್ತಾರೆ, ಅಂದರೆ ಥೇಟ್ ಬಂದೂಕಿನಂತೆ ಕಾಣುವ ಗನ್ನಿನಿಂದ ಒಬ್ಬರಿಗೊಬ್ಬರು ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟ. ಇದನ್ನು ಓದುವವರು ಆಟಗಾರರಷ್ಟೇ ಅಲ್ಲ. ಗೇಟಿನ ಸೆಕ್ಯೂರಿಟಿಯವರು, ಹುಡುಗರ ಅಪ್ಪ-ಅಮ್ಮ ಕೂಡ ಓದುತ್ತಾರೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಆ ಗನ್ನನ್ನು ಏನಂತ ಕರೆಯೋಣ?

‘ಆಟಿಕೆ ಬಂದೂಕು’ ಥಟ್ಟನೆ ಬಾಯಿಗೆ ಬರುತ್ತದೆ. ನನಗೆ ಒಪ್ಪಿಗೆಯಿಲ್ಲ. ಆಟಿಕೆ ಅಂದರೆ ದೀಪಾವಳಿಯ ಪಟಾಕಿ ಪಿಸ್ತೂಲು ನೆನಪಾಗುತ್ತದೆ. ಅದನ್ನು ಮಗುವಿನ ಕೈಗೆ ಕೊಟ್ಟು ನಾವು ಒಳಗೆ ಹೋಗಿ ಟೀವಿ ನೋಡುತ್ತೇವೆ. ಇದು ಹಾಗಲ್ಲ. ಹಾರುವುದು 6 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಗುಂಡು, ತೂಕ ಸಾಮಾನ್ಯವಾಗಿ 0.20 ಗ್ರಾಂ. ಬೆನ್ನಿಗೆ ಬಿದ್ದರೆ ಚುರ್ ಅನ್ನುತ್ತದೆ, ಅಷ್ಟೇ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಹಾಗಂತ ‘ಏರ್‌ಗನ್’ ಅನ್ನೋಕೂ ಆಗಲ್ಲ. ನಮ್ಮ ಕಡೆ ಏರ್‌ಗನ್ ಅಂದರೆ 4.5 ಮಿ.ಮೀ. ಸೀಸದ ಪೆಲೆಟ್ ಹೊಡೆಯುವಂಥದ್ದು. ಅದರ ಏಟೇ ಬೇರೆ.

ಪೇಪರಿನವರು ಬರೆಯುವುದು ‘ನಕಲಿ ಬಂದೂಕು’. 2024ರಲ್ಲಿ ಬೆಂಗಳೂರಿನಲ್ಲೇ ನಕಲಿ ಎಕೆ-47 ಜೊತೆ ರೀಲ್ಸ್ ಮಾಡಿದವರನ್ನು ಪೊಲೀಸರು ಹಿಡಿದಾಗಲೂ ಇದೇ ಪದ ಓಡಾಡಿತು. ಆದರೆ ನಕಲಿ ನೋಟು, ನಕಲಿ ಡಾಕ್ಟರ್ ಸಾಲಿಗೆ ಸೇರುವ ಪದ ಅದು. ಆಟಕ್ಕೆ ಬಂದವರನ್ನೇ ಕಳ್ಳರ ಥರ ಕಾಣಿಸುತ್ತದೆ, ಅಲ್ವಾ?

ನನ್ನ ಮಟ್ಟಿಗೆ ಹೆಸರು ನೋಟದ ಮೇಲೆ ನಿಲ್ಲಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಕೂಡ ಹಾಗೇ ಹೇಳುತ್ತದೆ. ಗುಂಡು ಹಾರಲಿ, ಬಿಡಲಿ, ಬಂದೂಕಿನ ಹಾಗೆ ಕಂಡರೆ ಸಾಕು, ಅದು ‘ಇಮಿಟೇಶನ್ ಫೈರ್‌ಆರ್ಮ್’. ಅಮೆರಿಕದಲ್ಲಿ 1988ರ ಕಾನೂನಿನಿಂದ ಬಂದ ಕಿತ್ತಳೆ ಬಣ್ಣದ ಮೂತಿಯೂ ಇದು ನಿಜವಾದ ಬಂದೂಕಲ್ಲ ಅಂತ ನೋಡುವವರಿಗೆ ಗೊತ್ತಾಗಲಿ ಅಂತಲೇ ಇರುವುದು. ಕೆಲವರು ಫೋಟೋ ಚೆನ್ನಾಗಿ ಬರಲಿ ಅಂತ ಅದಕ್ಕೆ ಕಪ್ಪು ಬಳಿಯುತ್ತಾರೆ. ಆಮೇಲೆ ಎದುರಿನ ಬಾಲ್ಕನಿಯವರು 112ಕ್ಕೆ ಫೋನ್ ಮಾಡಿದರೆ ಅವರದೇನು ತಪ್ಪು? ಹಾಗಾಗಿ ‘ತದ್ರೂಪಿ ಬಂದೂಕು’ ಅಂತ ಬರೆದು, ಮೊದಲ ಸಲ ಮಾತ್ರ ಪಕ್ಕದಲ್ಲಿ ‘ಏರ್‌ಸಾಫ್ಟ್ ಗನ್’ ಸೇರಿಸೋಣ ಅಂದುಕೊಂಡಿದ್ದೇನೆ. ‘ತದ್ರೂಪಿ’ ಸೆಕ್ಯೂರಿಟಿಯವರಿಗೆ ಭಾರವಾಗುತ್ತದಾ? ‘ಥೇಟ್ ಬಂದೂಕಿನಂಥದ್ದು’ ಸುಲಭ, ಆದರೆ ಬೋರ್ಡಿನ ತಲೆಬರಹಕ್ಕೆ ಒಗ್ಗಲ್ಲ.

ಇನ್ನೊಂದು ಪದ ಇದಕ್ಕಿಂತ ಜಾಸ್ತಿ ಕಾಡುತ್ತಿದೆ: ‘ಖಾಲಿ ಮಾಡಿ’. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಕಿತ್ತರೆ ಗನ್ ಖಾಲಿಯಾಯಿತು ಅಂತಲೇ ಎಲ್ಲರ ಲೆಕ್ಕ. ಆದರೆ ಒಂದು ಗುಂಡು ನಳಿಗೆಯ ಬುಡದಲ್ಲಿ ಉಳಿದಿರಬಹುದು. ಆಟ ಮುಗಿಸಿ ಕಣ್ಣಿನ ರಕ್ಷಣೆಗೆ ಹಾಕಿದ ಕನ್ನಡಕ ತೆಗೆದ ಮೇಲೆ ಯಾರೋ ಸುಮ್ನೆ ಟ್ರಿಗ್ಗರ್ ಒತ್ತಿದರೆ ಹಾರುವುದು ಅದೇ. ಅದಕ್ಕೇ ಒಂದೇ ಮಾತಿನಲ್ಲಿ ಮುಗಿಸದೆ ಹೀಗೆ ಬರೆದಿದ್ದೇನೆ: ‘ಕನ್ನಡಕ ಹಾಕಿಕೊಂಡೇ ಇರಿ. ಮೊದಲು ಮ್ಯಾಗಜಿನ್ ತೆಗೆಯಿರಿ. ಜನ ಇಲ್ಲದ ಕಡೆ ನೆಲಕ್ಕೆ ಗುರಿಯಿಟ್ಟು ಒಂದೆರಡು ಸಲ ಹಾರಿಸಿ. ಸೇಫ್ಟಿ (ಟ್ರಿಗ್ಗರ್ ಲಾಕ್) ಹಾಕಿ. ಬ್ಯಾಗಿನಲ್ಲಿಟ್ಟು ಜಿಪ್ ಎಳೆದ ಮೇಲೇ ಗೇಟು ದಾಟಿ.’ ‘ಹಾರಿಸಿ’ ಅಂತ ಬೋರ್ಡಿನಲ್ಲಿ ಕಂಡರೆ ಯಾರಾದರೂ ಅಪಾರ್ಥ ಮಾಡಿಕೊಳ್ಳಬಹುದಾ? ಅದರ ಬದಲು ‘ಒತ್ತಿ ನೋಡಿ’ ಸಾಕಾ?

ಕೊನೆಯದು ಟ್ರಿಗ್ಗರ್. ಹಳಬರ ಬಾಯಲ್ಲಿ ಕೋವಿಯ ‘ಕುದುರೆ’ ಅನ್ನುವ ಮಾತುಂಟು. ಅದು ಬೆರಳಲ್ಲಿ ಎಳೆಯುವ ಭಾಗವಾ, ಹಿಂದಕ್ಕೆ ಎಳೆದು ಬಿಡುವ ಸುತ್ತಿಗೆಯಂಥ ಭಾಗವಾ? ಮಲೆನಾಡು, ಕೊಡಗಿನ ಕಡೆಯವರು ಯಾರಾದರೂ ಹೇಳಿ. ಬೆರಳಲ್ಲಿ ಎಳೆಯುವುದೇ ಆದರೆ ‘ಕುದುರೆಯ ಮೇಲೆ ಬೆರಳಿಡಬೇಡಿ’ ಅಂತ ಬರೆಯುತ್ತೇನೆ. ಇಲ್ಲವಾದರೆ ‘ಟ್ರಿಗ್ಗರ್’ ಅಂತಲೇ ಇರಲಿ.