1,68,000 ಕಿ.ಮೀ. ಓಡಿದ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಈಗ ಬದಲಿಸಬಹುದೇ?

ಘಟ್ಟದ ಪಯಣಿಗ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಸೆಡಾನ್, 5 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡೆ. ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳ ಕಟ್ಟಿನಲ್ಲಿ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಪ್ಯಾಡ್‌ಗಳ ಲೆಕ್ಕವೆಲ್ಲ ಅಚ್ಚುಕಟ್ಟಾಗಿದ್ದರೂ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಒಂದು ಬಿಲ್ಲೂ ಸಿಗಲಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎರಡನೆಯ ಗೇರಿನಿಂದ ಮೂರಕ್ಕೆ ಏರುವಾಗ ಸಣ್ಣ ಜರ್ಕ್ ಬರುತ್ತದೆ. ಬಿಸಿಯಾದ ಮೇಲೆ ಇರುವುದಿಲ್ಲ. ಆಗುಂಬೆ ಘಾಟಿಯನ್ನು ತೊಂದರೆಯಿಲ್ಲದೆ ಹತ್ತುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡುಗಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆಯಿಲ್ಲ. ಒಬ್ಬ ಮೆಕ್ಯಾನಿಕ್ "ಇಷ್ಟು ಓಡಿದ ಮೇಲೆ ಮುಟ್ಟಬೇಡಿ, ಗೇರ್‌ಬಾಕ್ಸ್ ಕುಳಿತುಬಿಡುತ್ತದೆ" ಎನ್ನುತ್ತಾರೆ. ಇನ್ನೊಬ್ಬರು ಮೆಷಿನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿ, ಅಂದರೆ ಹಳೆಯ ಆಯಿಲನ್ನೆಲ್ಲ ಒತ್ತಡದಿಂದ ಹೊರತಳ್ಳಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಹಳೆ ಸ್ಪ್ಯಾನರ್, ಹುಬ್ಬಳ್ಳಿ

ಸರ್, ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಆಯಿಲ್ ಬದಲಿಸಿದ ತಿಂಗಳಲ್ಲೇ ಗೇರ್‌ಬಾಕ್ಸ್ ಕೆಟ್ಟ ಗಾಡಿಗಳನ್ನು ನಾನೂ ಕಂಡಿದ್ದೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ಮೊದಲೇ ಸ್ಲಿಪ್ ಆಗುತ್ತಿದ್ದವು; ಮಾಲೀಕರು ಕೊನೆಯ ಪ್ರಯತ್ನವೆಂದು ಆಯಿಲ್ ಹಾಕಿಸಿದರು, ದೂರು ಹೊಸ ಆಯಿಲ್ ಮೇಲೆ ಬಂತು. ಸವೆದ ಕ್ಲಚ್ ಪ್ಲೇಟ್‌ಗಳಿಂದ ಉದುರಿದ ಪುಡಿ ಹಳೆಯ ಆಯಿಲ್‌ನಲ್ಲಿ ತೇಲುತ್ತಾ ಅಷ್ಟಿಷ್ಟು ಹಿಡಿತ ಕೊಡುತ್ತಿರುತ್ತದೆ ಎನ್ನುವುದುಂಟು. ಅದು ನಿಜವೇ ಆದರೂ, ಪುಡಿಯ ಆಸರೆಯಲ್ಲಿ ನಡೆಯುತ್ತಿರುವ ಗೇರ್‌ಬಾಕ್ಸ್ ಹೇಗೂ ಬಹಳ ದಿನ ಬಾಳುವುದಿಲ್ಲ.

ಆದ್ದರಿಂದ ತಾವು ಮೊದಲು ನೋಡಬೇಕಾದದ್ದು ಇದು: ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಆರ್‌ಪಿಎಂ ಏರಿ ಗಾಡಿಯ ವೇಗ ಏರದಿದ್ದರೆ ಅದು ಸ್ಲಿಪ್, ಅಂಥ ಗಾಡಿಗೆ ಆಯಿಲ್ ಮದ್ದಲ್ಲ. ತಮ್ಮದು ತಣ್ಣಗಿರುವಾಗಿನ ಜರ್ಕ್ ಮಾತ್ರ, ಘಾಟಿಯನ್ನೂ ಹತ್ತುತ್ತದೆ. ಧೈರ್ಯವಾಗಿ ಬದಲಿಸಿ.

ಆದರೆ ಫ್ಲಶ್ ಬೇಡ. ವರ್ಷಗಟ್ಟಲೆ ಮೂಲೆಯಲ್ಲಿ ಕುಳಿತ ಕೆಸರನ್ನು ಒತ್ತಡದಿಂದ ಎಬ್ಬಿಸಿದರೆ ಅದು ವಾಲ್ವ್ ಬಾಡಿಯ (ಆಯಿಲ್ ಹರಿವನ್ನು ನಿಯಂತ್ರಿಸಿ ಗೇರ್ ಬದಲಿಸುವ ಭಾಗ) ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಕೆಳಗಿನ ಬೋಲ್ಟ್ ತೆಗೆದು ಇಳಿದಷ್ಟನ್ನು ಇಳಿಸಿ, ಅಷ್ಟೇ ಹೊಸದು ಹಾಕಿ. ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಬರುವುದಿಲ್ಲ, ಟಾರ್ಕ್ ಕನ್ವರ್ಟರ್‌ನಲ್ಲಿ ಬಹಳಷ್ಟು ಉಳಿಯುತ್ತದೆ. ಒಟ್ಟು 6 ಲೀಟರ್ ಇದ್ದು 2.5 ಲೀಟರ್ ಇಳಿಯಿತು ಎಂದುಕೊಳ್ಳಿ: ಒಮ್ಮೆಗೆ ಶೇ. 42ರಷ್ಟು ಹೊಸದಾಗುತ್ತದೆ, ಎರಡನೆಯ ಸಲಕ್ಕೆ ಶೇ. 66, ಮೂರನೆಯ ಸಲಕ್ಕೆ ಶೇ. 80. ನಡುವೆ ಸಾವಿರ ಕಿ.ಮೀ. ಓಡಿಸಿದರೆ ಸಾಕು.

ಕರಾವಳಿ ಚಾಲಕ, ಉಡುಪಿ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ನಾನು ಪೆಟ್ಟು ತಿಂದು ಕಲಿತ ಒಂದು ವಿಷಯವನ್ನು ಸೇರಿಸುತ್ತೇನೆ: ಹೊಸ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕೆಳಗಿನದಕ್ಕೆ ಕೈಹಾಕಿ. ನನ್ನ ಗಾಡಿಯ ಆಯಿಲ್ ಪೂರ್ತಿ ಇಳಿದ ಮೇಲೆ ತಿಳಿಯಿತು, ಮೇಲಿನ ಬೋಲ್ಟ್ ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ ಎಂದು. ಎರಡು ದಿನ ಗಾಡಿ ಅಂಗಳದಲ್ಲೇ ನಿಂತಿತ್ತು.

ಬೋಲ್ಟಿನ ತುದಿಯ ಮ್ಯಾಗ್ನೆಟ್‌ಗೆ ಅಂಟಿದ ಬೂದು ಬಣ್ಣದ ನುಣುಪಾದ ಕೆಸರನ್ನು ಕಂಡು ಗಾಬರಿಯಾಗಬೇಡಿ, ಅದು ಸಹಜ ಸವೆತ. ಲೋಹದ ಚೂರುಗಳು ಬೆರಳಿಗೆ ಸಿಕ್ಕರೆ ಮಾತ್ರ ಚಿಂತೆ.

ಮನೆಗೆಲಸದ ಮೇಸ್ತ್ರಿ, ಮೈಸೂರು

ಇದನ್ನು ಓದುವ ಬೇರೆಯವರಿಗಾಗಿ ಒಂದು ಎಚ್ಚರಿಕೆ. ನಾವು "ಆಟೊಮ್ಯಾಟಿಕ್" ಎಂಬ ಒಂದೇ ಹೆಸರಿನಲ್ಲಿ ಕರೆಯುವ ಗಾಡಿಗಳೆಲ್ಲ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯಲ್ಲಿ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಸಾಮಾನ್ಯ ಗೇರ್ ಆಯಿಲ್ ಸಾಕು. ಸಿವಿಟಿಗೆ (ಗೇರುಗಳ ಬದಲು ಬೆಲ್ಟ್ ಮತ್ತು ರಾಟೆಗಳಿಂದ ನಡೆಯುವ ಬಗೆ) ಬೆಲ್ಟ್ ಜಾರದಂತೆ ತಯಾರಿಸಿದ ಬೇರೆಯೇ ಆಯಿಲ್ ಬೇಕು, ಅದರ ಬದಲು ಮಾಮೂಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಅಂಗಡಿಯವರು "ಎಲ್ಲದಕ್ಕೂ ಆಗುತ್ತದೆ" ಎಂದು ಕೊಡುವ ಡಬ್ಬಿಗಿಂತ ಗಾಡಿಯ ಪುಸ್ತಕದಲ್ಲಿ ಬರೆದ ದರ್ಜೆಯನ್ನು ನಂಬಿ.

"ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಎಂಬ ಮಾತಿಗೂ ಮರುಳಾಗಬೇಡಿ. ಅನೇಕ ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜ಼ಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ನಡುವೆ ಆಯಿಲ್ ಬದಲಿಸಲು ಹೇಳುತ್ತದೆ.

ಘಟ್ಟದ ಪಯಣಿಗ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಭಾನುವಾರ ಮೊದಲ ಸುತ್ತು ಮುಗಿಸಿದೆ. ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಿದೆ. ಹಳೆಯದನ್ನು ಅಳತೆಯ ಡಬ್ಬಿಗೆ ಇಳಿಸಿದಾಗ 2.4 ಲೀಟರ್ ಬಂತು, ಅಷ್ಟೇ ಹೊಸದು ಹಾಕಿ, ಬೋಲ್ಟಿನ ವಾಷರ್ ಕೂಡ ಬದಲಿಸಿದೆ. ಮ್ಯಾಗ್ನೆಟ್ ಮೇಲೆ ಬೂದು ಕೆಸರು ಮಾತ್ರ ಇತ್ತು. ಬೆಳಗಿನ ಜರ್ಕ್ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎರಡನೆಯ ಸುತ್ತು 1,69,000ಕ್ಕೆ.