ಅಮ್ಮನಿಗೆ ಕ್ರಯೋಗ್ಲೋಬ್ಯುಲಿನ್ ಟೆಸ್ಟ್ ಬರೆದಿದ್ದಾರೆ, ಗೊತ್ತಿದ್ದವರು ಹೇಳಿ

ಪ್ರಶ್ನೆ, ಉಡುಪಿಯಿಂದ:
ಅಮ್ಮನಿಗೆ ಮೊಣಕಾಲಿನ ಕೆಳಗೆ ಕೆಂಪು ಚುಕ್ಕೆಗಳು ಏಳುತ್ತಿವೆ. ಒತ್ತಿದರೂ ಮಾಯವಾಗುವುದಿಲ್ಲ. ಗಂಟುನೋವು, ಸುಸ್ತು ಉಂಟು. ಪಾದ ಯಾವಾಗಲೂ ಜೋಮು ಹಿಡಿದ ಹಾಗೆ ಇರುತ್ತದಂತೆ. ರಕ್ತದಲ್ಲಿ ಸಿ4 ಅನ್ನುವ ರೋಗನಿರೋಧಕ ಪ್ರೋಟೀನ್ ಕಡಿಮೆ, ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಆಂಟಿಬಾಡಿ ಜಾಸ್ತಿ. ಡಾಕ್ಟರ್ ಕ್ರಯೋಗ್ಲೋಬ್ಯುಲಿನ್ ನೋಡಬೇಕೆಂದರು. ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಮರುದಿನವೇ ನೆಗೆಟಿವ್ ಅಂತ ರಿಪೋರ್ಟ್ ಬಂತು. ಡಾಕ್ಟರ್ ಒಪ್ಪುತ್ತಿಲ್ಲ, ಇನ್ನೊಮ್ಮೆ ಮಾಡಿಸಿ ಅನ್ನುತ್ತಾರೆ. ಸುಮ್ನೆ ದುಡ್ಡು ದಂಡ ಅಲ್ವಾ?

ಮಂಗಳೂರು, ಲ್ಯಾಬ್ ಕೆಲಸದಿಂದ ನಿವೃತ್ತ:
ದಂಡ ಅಲ್ಲಮ್ಮ. ಆ ಹುಡುಗ ರಕ್ತವನ್ನು ಐಸ್ ಪ್ಯಾಕ್ ಇದ್ದ ಡಬ್ಬಕ್ಕೆ ಹಾಕಿದನಾ? ಹಾಕಿದ್ದರೆ ಆ ರಿಪೋರ್ಟನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಕ್ರಯೋಗ್ಲೋಬ್ಯುಲಿನ್ ಅನ್ನುವ ಈ ಪ್ರೋಟೀನ್ ಮೈ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಕರಗಿಯೇ ಇರುತ್ತದೆ. ತಣ್ಣಗಾದರೆ ಚಳಿಗಾಲದ ತೆಂಗಿನೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ದಾರಿಯಲ್ಲೇ ತಣ್ಣಗಾದರೆ ರಕ್ತದ ಹೆಪ್ಪಿನ ಜೊತೆ ತಳ ಸೇರುತ್ತದೆ. ಆಮೇಲೆ ಮೇಲಿನ ಸೀರಮ್, ಅಂದರೆ ಹೆಪ್ಪು ಬಿಟ್ಟು ಉಳಿದ ತಿಳಿ, ಮಾತ್ರ ತೆಗೆದು ನೋಡಿದರೆ ಅದರಲ್ಲಿ ಎಂಥದೂ ಇರುವುದಿಲ್ಲ. ನೆಗೆಟಿವ್ ಬಾರದೆ ಇನ್ನೇನು? ಐಸ್ ಬೇಡ, ನಮ್ಮ ಮಂಗಳೂರಿನ 30 ಡಿಗ್ರಿ ಸೆಕೆ ಕೂಡ ಇದಕ್ಕೆ ತಂಪೇ.

ಸರಿಯಾಗಿ ಮಾಡುವವರು ಸಿರಿಂಜ್, ಟ್ಯೂಬ್ ಎರಡನ್ನೂ ಮೊದಲೇ ಬೆಚ್ಚಗೆ ಮಾಡಿಟ್ಟಿರುತ್ತಾರೆ. ರಕ್ತ ತೆಗೆದ ಕೂಡಲೇ 37 ಡಿಗ್ರಿಯ ವಾಟರ್ ಬಾತಿಗೆ ಇಡುತ್ತಾರೆ. ಪೂರ್ತಿ ಹೆಪ್ಪುಗಟ್ಟುವ ತನಕ ಅಲ್ಲಿಂದ ತೆಗೆಯುವ ಹಾಗಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವಾಗಲೂ ಬಿಸಿ ಇರಬೇಕು. ಬೇರೆಯಾದ ಸೀರಮನ್ನು ಮಾತ್ರ ಆಮೇಲೆ 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ದಿನಾ ನೋಡುವುದು. ಕೆಲವರದ್ದರಲ್ಲಿ ಮರುದಿನವೇ ತಳದಲ್ಲಿ ಬಿಳಿ ಗಸಿ ಕಾಣುತ್ತದೆ. ಕೆಲವರದ್ದು ಕೂರುವುದಕ್ಕೆ 7 ದಿನವೂ ಬೇಕಾಗುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಬಂದ ನೆಗೆಟಿವ್ ನಂಬುವಂಥದ್ದಲ್ಲ. ಗಸಿ ಕಂಡರೆ ಮತ್ತೆ 37ಕ್ಕೆ ತಂದು ಕರಗುತ್ತದಾ ಅಂತಲೂ ನೋಡಬೇಕು.

ಎಷ್ಟು ಗಸಿ ಉಂಟು ಅಂತ ಅಳೆಯುವುದು ವಿಂಟ್ರೋಬ್ ಟ್ಯೂಬಿನಲ್ಲಿ, ನಾವು ಇಎಸ್ಆರ್ ನೋಡುತ್ತಿದ್ದ ಅದೇ ಟ್ಯೂಬ್. ಈ ಪ್ರೋಟೀನನ್ನು 1933ರಲ್ಲಿ ಮೊದಲು ಕಂಡವರಲ್ಲಿ ಒಬ್ಬರು ಅದೇ ವಿಂಟ್ರೋಬ್. ಆ ರೋಗಿಗೆ ಮೈಲೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಇತ್ತು.

ಮನೆಗೆ ಕರೆಸಬೇಡಿ. ರಕ್ತ ತೆಗೆಯುವ ಜಾಗ, ಲ್ಯಾಬ್ ಎರಡೂ ಒಂದೇ ಕಟ್ಟಡದಲ್ಲಿರುವ ದೊಡ್ಡ ಆಸ್ಪತ್ರೆಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ಮೊದಲೇ ಫೋನ್ ಮಾಡಿ, '37 ಡಿಗ್ರಿಯಲ್ಲೇ ಇಡುತ್ತೀರಾ, ಎಷ್ಟು ದಿನ ಫ್ರಿಜ್ಜಿನಲ್ಲಿಟ್ಟು ನೋಡುತ್ತೀರಿ' ಅಂತ ಕೇಳಿ. ತಡವರಿಸಿದರೆ ಬೇರೆ ಕಡೆ ನೋಡಿ.

ಸುರತ್ಕಲ್:
ನಮ್ಮ ಊರಲ್ಲಿ ಚಳಿ ಎಲ್ಲುಂಟು ಮಾರಾಯ್ರೆ? ಚಳಿ ಇಲ್ಲದ ಕಡೆ ಚಳಿಯ ಕಾಯಿಲೆ ಹೇಗೆ ಬರುತ್ತದೆ?

ಮಣಿಪಾಲ, ನರ್ಸ್:
ಎಲ್ಲರಿಗೂ ಚಳಿಯೇ ಬೇಕೆಂದಿಲ್ಲ. 1974ರಿಂದ ಇದನ್ನು ಮೂರು ಬಗೆಯಾಗಿ ನೋಡುತ್ತಾರೆ. ಮೊದಲನೆಯದು ಮೈಲೋಮಾ, ವಾಲ್ಡೆನ್‌ಸ್ಟ್ರಾಮ್‌ನಂಥ ರಕ್ತದ ಕಾಯಿಲೆ ಇರುವವರಲ್ಲಿ. ಚಳಿಗೆ ಬೆರಳು, ಮೂಗಿನ ತುದಿ, ಕಿವಿ ನೀಲಿಯಾಗುವುದು ಇವರಿಗೆ ಜಾಸ್ತಿ. ಮಲ್ಪೆಯಲ್ಲಿ ಐಸ್ ಮುಟ್ಟಿ ಮೀನು ವಿಂಗಡಿಸುವವರಿಗೆ, ಇಡೀ ದಿನ ಎಸಿ ಕೆಳಗೆ ಕೂರುವವರಿಗೆ ಕರಾವಳಿಯಲ್ಲೂ ಅಷ್ಟು ಚಳಿ ಸಿಗುತ್ತದೆ. ಉಳಿದೆರಡು ಮಿಶ್ರ ಬಗೆ. ಅದರಲ್ಲಿ ಸಣ್ಣ ರಕ್ತನಾಳಗಳೇ ಉರಿಯೂತದಿಂದ ಹಾಳಾಗುತ್ತವೆ, ಸೆಕೆಯಲ್ಲೂ ಚುಕ್ಕೆ ಏಳುತ್ತದೆ. ಚುಕ್ಕೆ, ಗಂಟುನೋವು, ಸುಸ್ತು, ಜೊತೆಗೆ ಸಿ4 ಕಡಿಮೆ ಅಂದರೆ ಡಾಕ್ಟರಿಗೆ ಅನುಮಾನ ಬರುವುದು ಸಹಜ.

ಕುಂದಾಪುರ:
ನಮ್ಮ ಅಪ್ಪನಿಗೂ ಮಿಶ್ರ ಬಗೆಯದ್ದೇ. ಮೂಲ ಸಿಕ್ಕಿದ್ದು ಹೆಪಟೈಟಿಸ್ ಸಿ. ತುಂಬಾ ಹಿಂದೆ ಆಪರೇಷನ್ ಆದಾಗ ರಕ್ತ ಹಾಕಿದ್ದರು. ಅಲ್ಲಿಂದಲೇ ಬಂದಿರಬೇಕು. ಹಾಗಾಗಿ ಈ ಟೆಸ್ಟಿಗೆ ಕಾಯದೆ ಹೆಪಟೈಟಿಸ್ ಸಿ, ಬಿ ಎರಡನ್ನೂ ನೋಡಿಸಿಬಿಡಿ. ಸೊಫೊಸ್ಬುವಿರ್ ಜೊತೆ ಇನ್ನೊಂದು ಮಾತ್ರೆ ಕೊಟ್ಟರು, 12 ವಾರ. ವೈರಸ್ ಹೋಯಿತು, ಚುಕ್ಕೆಯೂ ನಿಂತಿತು. ಪಾದದ ಜೋಮು ಮಾತ್ರ ಹಟ ಹಿಡಿದು ಕೂತಿದೆ. ಸರಕಾರದ ಹೆಪಟೈಟಿಸ್ ಕಾರ್ಯಕ್ರಮ 2018ರ ಜುಲೈನಲ್ಲಿ ಶುರುವಾದದ್ದು, ಅದರಲ್ಲಿ ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾರ್ಕಳ:
ಶೀತದ ನಂಜು ಇದು. ರಾತ್ರಿ ಬಿಸಿನೀರಿನ ಬ್ಯಾಗ್ ಕಾಲಿಗೆ ಇಡಿ, ಸರಿಯಾಗುತ್ತದೆ.

ಮಣಿಪಾಲ, ನರ್ಸ್:
ದಯವಿಟ್ಟು ಬೇಡ ಅಣ್ಣ. ಜೋಮು ಇರುವ ಪಾದಕ್ಕೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಸಾಕ್ಸ್ ಹಾಕಿಕೊಳ್ಳಲಿ, ಜಾಸ್ತಿ ಹೊತ್ತು ನಿಲ್ಲುವುದು ಬೇಡ, ನಿಂತಷ್ಟೂ ಚುಕ್ಕೆ ಹೆಚ್ಚುತ್ತದೆ.

ಉಡುಪಿ, ಪ್ರಶ್ನೆ ಕೇಳಿದವರು:
ಹೌದು ಸರ್, ಐಸ್ ಡಬ್ಬವೇ! ಹೆಪಟೈಟಿಸ್ ಟೆಸ್ಟನ್ನು ನಾಳೆಯೇ ಮಾಡಿಸುತ್ತೇವೆ. ವೈರಸ್ ಇಲ್ಲ ಅಂದರೆ ಮುಂದೆ ಏನು?

ಮಂಗಳೂರು, ಲ್ಯಾಬ್ ಕೆಲಸದಿಂದ ನಿವೃತ್ತ:
ಆಗ ಶೋಗ್ರೆನ್ಸ್, ಲೂಪಸ್ ಥರದ, ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೇ ತಿರುಗಿ ಬೀಳುವ ಕಾಯಿಲೆ ಇದೆಯಾ ಅಂತ ನೋಡುತ್ತಾರೆ. ಅಮ್ಮನಿಗೆ ಬಾಯಿ, ಕಣ್ಣು ಒಣಗುತ್ತದಾ ಕೇಳಿಟ್ಟುಕೊಳ್ಳಿ. ರಕ್ತದ ಪ್ರೋಟೀನುಗಳನ್ನು ಬೇರೆ ಬೇರೆ ಮಾಡಿ ನೋಡುವ ಸೀರಮ್ ಎಲೆಕ್ಟ್ರೊಫೋರೆಸಿಸ್ ಟೆಸ್ಟ್ ಕೂಡ ಬರೆದಾರು, ಅದು ಮೈಲೋಮಾದ ಕಡೆಯ ಹುಡುಕಾಟ.

ಕುಂದಾಪುರ:
ಮೂತ್ರ ಪರೀಕ್ಷೆಯನ್ನೂ ಮರೆಯಬೇಡಿ. ಅಪ್ಪನಿಗೆ ಮೂತ್ರದಲ್ಲಿ ನೊರೆ ಬರುತ್ತಿತ್ತು, ಬಿಪಿ ಏರಿತ್ತು. ಕಿಡ್ನಿಗೆ ತಾಗಿದೆ ಅಂತ ಗೊತ್ತಾದದ್ದು ಹಾಗೆ. ಮುಂದೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಮಾತು ಬಂದರೆ, ಅದಕ್ಕೆ ಮೊದಲು ಹೆಪಟೈಟಿಸ್ ಬಿ ರಿಪೋರ್ಟ್ ಕೈಯಲ್ಲಿರಬೇಕು. ಆ ಔಷಧದಿಂದ ಒಳಗೆ ಅಡಗಿದ್ದ ಬಿ ವೈರಸ್ ಮತ್ತೆ ಏಳಬಹುದು.